ಮಕ್ಕಳ ರಂಗ ತರಬೇತಿ ಮಳೆಗಾಲದಲ್ಲಿ ನಡೆಯಲಿ: ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ
ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯತ್, ಕಾರವಾರ
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕಾರವಾರ ಹಾಗೂ ಶಿರಸಿ ಶೈಕ್ಷಣಿಕ ಜಿಲ್ಲೆಗಳು
ಮಾನ್ಯ ಸಹಾಯಕ ನಿರ್ದೇಶಕರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕಾರವಾರ

ಮಾನ್ಯರೇ,

ನಮ್ಮ ಜಿಲ್ಲೆಯ ಮಕ್ಕಳಿಗೆ ನಾಟಕದ ಮತ್ತು ಅಭಿನಯದ ತರಬೇತಿ ಸಿಗುವುದು ಈಗ ಬಹುಮಟ್ಟಿಗೆ ಎರಡೇ ಹೊತ್ತಿನಲ್ಲಿ. ಒಂದು, ಏಪ್ರಿಲ್–ಮೇ ತಿಂಗಳ ಬೇಸಿಗೆ ಶಿಬಿರ. ಇನ್ನೊಂದು, ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಮೊದಲಿನ ಗಡಿಬಿಡಿಯ ಕೆಲವು ದಿನಗಳು. ಇಲ್ಲಿಯ ಹವೆ, ಇಲ್ಲಿಯ ಕಲಾವಿದರ ದುಡಿಮೆಯ ಕಾಲ, ಇಲ್ಲಿಯ ಶಾಲೆಗಳ ಗಾತ್ರ ಈ ಮೂರನ್ನೂ ಲೆಕ್ಕಕ್ಕೆ ಹಿಡಿದರೆ ಎರಡೂ ಸರಿಯಾದ ಹೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಶಾಲೆಯ ವೇಳೆಯೊಳಗೇ, ಕ್ಲಸ್ಟರಿಗೊಬ್ಬರಂತೆ (ಕ್ಲಸ್ಟರ್ ಎಂದರೆ ಹತ್ತಿರಹತ್ತಿರದ ಶಾಲೆಗಳ ಗುಂಪು) ಶಾಲೆಯಿಂದ ಶಾಲೆಗೆ ಹೋಗುವ ರಂಗಶಿಕ್ಷಕರಿಂದ ಈ ತರಬೇತಿ ನಡೆಯಬೇಕು; ಅದಕ್ಕೆ ಬೇಕಾದ ಜನರಲ್ಲಿ ಬಹಳಷ್ಟು ಮಂದಿ ನಮ್ಮ ಜಿಲ್ಲೆಯಲ್ಲೇ ಇದ್ದಾರೆ, ಆ ನಾಲ್ಕು ತಿಂಗಳು ಅವರಿಗೆ ರಂಗದ ಕೆಲಸವೂ ಇರುವುದಿಲ್ಲ. ಇದನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿ ಬರೆಯುತ್ತಿದ್ದೇನೆ. ನಾನು ಕುಮಟಾ ಮತ್ತು ಹೊನ್ನಾವರ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಕೆಲಸದಲ್ಲಿದ್ದಷ್ಟು ಕಾಲವೂ, ಆಮೇಲೆಯೂ, ಮಕ್ಕಳ ನಾಟಕಗಳನ್ನು ಆಡಿಸುತ್ತ ಬಂದಿದ್ದೇನೆ.

ಬೇಸಿಗೆ ಶಿಬಿರಗಳ ಬಗ್ಗೆ ನನಗೆ ದ್ವೇಷವಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳವನ್ನು ನೋಡಿದವರಿಗೆ ಒಂದು ತಿಂಗಳಲ್ಲಿ ಮಕ್ಕಳಿಂದ ಏನೇನು ಮಾಡಿಸಬಹುದು ಎಂಬುದು ಗೊತ್ತಿದೆ. ಆದರೆ ನಮ್ಮಲ್ಲಿ ಶಿಬಿರ ನಡೆಯುವುದು ಕಾರವಾರ, ಶಿರಸಿ, ಕುಮಟೆಯಂಥ ಪೇಟೆಗಳಲ್ಲಿ. ಬರುವವರು ಪೇಟೆಯ ಮಕ್ಕಳು, ಅದರಲ್ಲೂ ಶುಲ್ಕ ಕೊಡಬಲ್ಲವರ ಮಕ್ಕಳು. ಹಳ್ಳಿಯ ಮಕ್ಕಳು ಆ ದಿನಗಳಲ್ಲಿ ಅಜ್ಜನ ಮನೆಯಲ್ಲಿರುತ್ತಾರೆ, ಇಲ್ಲವೇ ಗೇರುಬೀಜ ಹೆಕ್ಕುತ್ತಿರುತ್ತಾರೆ. ಶಿಬಿರದ ಅರ್ಧ ದಿನಗಳು ಪರಿಚಯದ ಆಟ, ಹಾಡು, ಮುಖವಾಡ ಮಾಡುವುದರಲ್ಲಿ ಕಳೆಯುತ್ತವೆ; ಉಳಿದರ್ಧ ಸಮಾರೋಪದ ಪ್ರದರ್ಶನಕ್ಕೆ ಮೀಸಲು. ಅಭಿನಯ ಎಂದರೆ ಇಷ್ಟೇ ಎಂದು ಮಗು ತಿಳಿಯುವ ಹೊತ್ತಿಗೆ ಪ್ರಮಾಣಪತ್ರ ಕೈಗೆ ಬಂದಿರುತ್ತದೆ. ಮುಂದಿನ ಬೇಸಿಗೆಯಲ್ಲಿ ಬೇರೆ ಶಿಬಿರ, ಮತ್ತೆ ಅದೇ ಪರಿಚಯದ ಆಟ.

ಗ್ಯಾದರಿಂಗಿನ ಕತೆ ಇನ್ನೂ ಬೇಸರದ್ದು. ಈಚಿನ ವರ್ಷಗಳಲ್ಲಿ ನಾನು ಅತಿಥಿಯಾಗಿ ಹೋದ ಶಾಲೆಗಳಲ್ಲಿ ‘ನಾಟಕ’ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಹಾಕಿದ್ದು ಹೆಚ್ಚಾಗಿ ಪೆನ್‌ಡ್ರೈವ್‌ನಿಂದ ಬರುವ ಧ್ವನಿಮುದ್ರಿತ ಸಂಭಾಷಣೆಗೆ ಮಕ್ಕಳು ಬಾಯಾಡಿಸುವುದು. ಮಾತು ಯಾರದೋ, ಉಸಿರು ಯಾರದೋ. ಸೌಂಡ್ ಸಿಸ್ಟಮ್ಮಿನವನು ಒಂದು ಕ್ಷಣ ತಡಮಾಡಿದರೆ ರಾಜನ ಸಿಟ್ಟು ಮಂತ್ರಿಯ ಬಾಯಲ್ಲಿ ಬರುತ್ತದೆ. ಪ್ರೇಕ್ಷಕರು ನಗುತ್ತಾರೆ, ಮಗು ಅವಮಾನದಿಂದ ತಲೆ ತಗ್ಗಿಸುತ್ತದೆ. ಶಿಕ್ಷಕರನ್ನು ದೂರುವುದು ನ್ಯಾಯವಲ್ಲ. ಮೂರು ನಾಲ್ಕು ಮೈಕುಗಳ ಮುಂದೆ ಇಪ್ಪತ್ತು ಮಕ್ಕಳನ್ನು ಮಾತಾಡಿಸುವುದು ಹೇಗೆಂದು ಅವರಿಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಅಭಿನಯ ಗೀತೆ, ಛದ್ಮವೇಷ, ಮಿಮಿಕ್ರಿ ಇವೆಯಾದರೂ ಅಲ್ಲಿ ಒಬ್ಬ ಮಗು ಒಂದೆರಡು ನಿಮಿಷ ನಿಂತು ಬಹುಮಾನಕ್ಕಾಗಿ ಸ್ಪರ್ಧಿಸುತ್ತದೆ. ಎದುರಿಗಿರುವವನ ಮಾತು ಕೇಳಿಸಿಕೊಂಡು ಉತ್ತರ ಕೊಡುವುದು ಅಭಿನಯದ ಮೊದಲ ಪಾಠ; ಸ್ಪರ್ಧೆಯಲ್ಲಿ ಎದುರಿಗೆ ಯಾರೂ ಇರುವುದಿಲ್ಲ, ತೀರ್ಪುಗಾರರನ್ನು ಬಿಟ್ಟರೆ.

ಶಾಲೆಯಲ್ಲಿ ರಂಗಕಲೆ ಇರಬೇಕೆಂಬುದು ಹೊಸ ಬೇಡಿಕೆಯೇನೂ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆಗಳ ಜೊತೆಗೆ ನಾಟಕವನ್ನೂ ಹತ್ತನೆಯ ತರಗತಿಯವರೆಗೆ ಕಲಿಕೆಯ ಭಾಗವಾಗಿಸಬೇಕೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಅನುಸೂಚಿಯಲ್ಲೇ ಬರೆಯಿತು. ನಮ್ಮ ಜಿಲ್ಲೆಯ ಬಾಗಿಲು ಮುಚ್ಚಿಕೊಂಡದ್ದು ಇಲ್ಲಿಯೇ: ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಈ ಬೋಧಕರು. ಬಯಲುಸೀಮೆಯ ದೊಡ್ಡ ಊರಿನಲ್ಲಿ ನೂರು ಮಕ್ಕಳು ಒಂದೇ ಓಣಿಯಿಂದ ಬರಬಹುದು. ಜೋಯಿಡಾದಲ್ಲಿ, ಸಿದ್ದಾಪುರದ ಘಟ್ಟದಂಚಿನಲ್ಲಿ, ಅಂಕೋಲೆಯ ಒಳಹಳ್ಳಿಗಳಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ, ಒಂದು ಹಳ್ಳ. ಅಲ್ಲಿಯ ಶಾಲೆಗಳು ಸಣ್ಣವು, ಸಣ್ಣವಾಗಿಯೇ ಇರುತ್ತವೆ. ನೂರರ ಗೆರೆ ದಾಟದ ಶಾಲೆಯ ಮಗುವಿಗೆ ಕಲೆಯ ಬೋಧಕರು ಈ ನಿಯಮದಡಿ ಎಂದೂ ಸಿಗುವುದಿಲ್ಲ. ಆದ್ದರಿಂದ ಶಾಲೆಯನ್ನು ಘಟಕವಾಗಿ ಎಣಿಸುವುದನ್ನು ಬಿಟ್ಟು ಕ್ಲಸ್ಟರನ್ನು ಎಣಿಸಿರಿ ಎಂಬುದು ನನ್ನ ಕೋರಿಕೆ. ಒಂದು ಕ್ಲಸ್ಟರಿನ ಶಾಲೆಗಳನ್ನು ಕೂಡಿಸಿದರೆ ಆ ಸಂಖ್ಯೆಯನ್ನು ಮುಟ್ಟುವುದು ಕಷ್ಟವಲ್ಲ. ಒಬ್ಬ ರಂಗಶಿಕ್ಷಕರು ವಾರದ ಒಂದೊಂದು ದಿನ ಒಂದೊಂದು ಶಾಲೆಗೆ ಹೋಗಬಹುದು. ಕಾಯ್ದೆಯ ಅಕ್ಷರಕ್ಕೆ ಇದು ಹೊಂದುತ್ತದೆಯೇ ಎಂಬ ಪ್ರಶ್ನೆ ಬಂದರೆ, ಕಾಯ್ದೆ ಕನಿಷ್ಠವನ್ನು ಹೇಳಿದೆಯೇ ಹೊರತು ಅದಕ್ಕಿಂತ ಹೆಚ್ಚು ಕೊಡಬಾರದೆಂದು ಹೇಳಿಲ್ಲ.

ಇನ್ನು ಮಳೆಗಾಲವೇ ಏಕೆ ಎಂಬುದು. ನಮ್ಮ ಕರಾವಳಿಯ ಮತ್ತು ಘಟ್ಟದ ಮೇಲಿನ ಬಡಗುತಿಟ್ಟಿನ, ಅಂದರೆ ಬಡಗಣ ಶೈಲಿಯ ಯಕ್ಷಗಾನದ, ವೃತ್ತಿಮೇಳಗಳು ಸಾಮಾನ್ಯವಾಗಿ ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟು ಮೇ ಕೊನೆಗೆ ಗೆಜ್ಜೆ ಬಿಚ್ಚುತ್ತವೆ. ಬೇಸಿಗೆ ಶಿಬಿರ ನಡೆಯುವ ಏಪ್ರಿಲ್–ಮೇ ಎಂದರೆ ಕಲಾವಿದರಿಗೆ ದಿನವೂ ಆಟವಿರುವ ಕಾಲ. ಬೆಳಗಿನ ಜಾವಕ್ಕೆ ಬಣ್ಣ ತೊಳೆದು ಮಲಗುವವರನ್ನು ಹತ್ತು ಗಂಟೆಗೆ ಮಕ್ಕಳ ಮುಂದೆ ನಿಲ್ಲಿಸಲಾಗುವುದಿಲ್ಲ. ಜೂನ್ ಬಂದೊಡನೆ ಚಿತ್ರ ತಿರುಗುಮುರುಗಾಗುತ್ತದೆ. ಹೆಸರು ಮಾಡಿದ ಕೆಲವರು ಬೆಂಗಳೂರು, ಮುಂಬೈಗಳ ಮಳೆಗಾಲದ ಪ್ರದರ್ಶನಗಳಿಗೆ ಹೋಗುತ್ತಾರೆ. ಉಳಿದವರು, ಅದರಲ್ಲೂ ಎರಡನೆಯ ಮೂರನೆಯ ವೇಷದವರು, ಭಾಗವತಿಕೆ ಮತ್ತು ಮದ್ದಲೆ ಕಲಿತ ಎಳೆಯರು, ಗದ್ದೆ ನಾಟಿಗೋ ತೋಟಕ್ಕೆ ಮದ್ದು ಹೊಡೆಯುವುದಕ್ಕೋ ಸಮಾರಂಭಗಳ ಅಡುಗೆಗೋ ಹೋಗಿ ದಿನ ದೂಡುತ್ತಾರೆ. ಶಾಲೆ ಶುರುವಾಗುವುದೂ ಆಗಲೇ. ಶಾಲೆಯ ವರ್ಷದ ಮೊದಲ ನಾಲ್ಕು ತಿಂಗಳು ಮತ್ತು ಕಲಾವಿದರಿಗೆ ಬಿಡುವಿರುವ ನಾಲ್ಕು ತಿಂಗಳು ಹೀಗೆ ಒಂದರ ಮೇಲೊಂದು ಬಂದು ಕೂರುವುದನ್ನು ನಾವು ಇಷ್ಟು ವರ್ಷ ಬಳಸಿಕೊಂಡಿಲ್ಲ. ಕರಾವಳಿಯಲ್ಲಿ ಇನ್ನೊಂದು ಅನುಕೂಲವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟಿನ ಮೇಲೆ ಹೋಗುವ ಅಪ್ಪಂದಿರು ವರ್ಷದಲ್ಲಿ ಮನೆಯಲ್ಲಿ ಸಿಗುವುದು ಆಗಲೇ. ಮಕ್ಕಳ ತಾಲೀಮನ್ನು ಒಂದು ಸಂಜೆ ಬಂದು ನೋಡಿರೆಂದು ಕರೆದರೆ ಬರುವುದಕ್ಕೆ ಅವರಿಗೂ ವೇಳೆಯಿರುತ್ತದೆ.

ಯಕ್ಷಗಾನದವರನ್ನು ಕರೆಯಿರೆಂದು ನಾನು ಹೇಳುವುದು ಅವರು ಸುಲಭವಾಗಿ ಸಿಗುತ್ತಾರೆಂಬ ಕಾರಣಕ್ಕೆ ಮಾತ್ರವಲ್ಲ. ಎಳೆಯರನ್ನು ಹಂತಹಂತವಾಗಿ ನಟರನ್ನಾಗಿ ಬೆಳೆಸುವ ಒಂದು ಕ್ರಮ ಈ ಕಲೆಯೊಳಗೇ ಇತ್ತು. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದುದು ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗದ ಕೋಡಂಗಿ ವೇಷ. ಅದರಲ್ಲಿ ತಾಳಕ್ಕೆ ಹೆಜ್ಜೆ ಹೊಂದಿಸುವುದು, ಜನರ ಮುಂದೆ ನಿಲ್ಲುವ ಅಂಜಿಕೆ ಬಿಡುವುದು ಇಷ್ಟೇ ಕೆಲಸ. ಅಲ್ಲಿಂದ ಬಾಲಗೋಪಾಲ, ಅಲ್ಲಿಂದ ಪೀಠಿಕೆಯ ಸ್ತ್ರೀವೇಷ, ಆಮೇಲೆ ಪ್ರಸಂಗದೊಳಗಿನ ಸಣ್ಣ ವೇಷಗಳು. ಮಾತಿಲ್ಲದ ಪಾತ್ರದಿಂದ ಮಾತಿರುವ ಪಾತ್ರಕ್ಕೆ ಬರಲು ಎರಡು ಮೂರು ತಿರುಗಾಟ ಕಳೆಯುತ್ತಿತ್ತು, ಅಷ್ಟರಲ್ಲಿ ಅವನು ಬಣ್ಣದ ಮನೆಯಾದ ಚೌಕಿಯಲ್ಲಿ ಕೂತು ನೂರಾರು ರಾತ್ರಿ ಹಿರಿಯರ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಕೇಳಿರುತ್ತಿದ್ದ. ಈಗ ಆಟ ಕಾಲಮಿತಿಗೆ ಬಂದಿದೆ. ಕಾಲಮಿತಿಯನ್ನು ನಾನು ವಿರೋಧಿಸುವವನಲ್ಲ, ಬೆಳಗಿನವರೆಗೆ ಕೂರಲು ನನಗೂ ಈಗ ಸೊಂಟ ಒಪ್ಪುವುದಿಲ್ಲ. ಆದರೆ ಆಟವನ್ನು ಮೂರು ನಾಲ್ಕು ತಾಸಿಗೆ ಇಳಿಸುವಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ, ಅಂದರೆ ಎಳೆಯರು ಕಲಿಯುತ್ತಿದ್ದ ಜಾಗಕ್ಕೆ. ರಂಗದ ಮೇಲೆ ಕಳೆದುಹೋದ ಆ ಜಾಗವನ್ನು ಶಾಲೆಯಲ್ಲಿ ಮಾಡಿಕೊಡಬಹುದು.

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ, 1986ರಲ್ಲಿ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಕಟ್ಟಿದ ಹೊನ್ನಾವರ ಇದೇ ಜಿಲ್ಲೆಯಲ್ಲಿದೆ. ಯಕ್ಷಗಾನಕ್ಕೆ ವ್ಯವಸ್ಥಿತವಾದ ಪಾಠಕ್ರಮ ಬೇಕೆಂಬ ಅರಿವು ನಮ್ಮಲ್ಲಿ ಹೊಸತಲ್ಲ. ನೆರೆಯ ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟಿನವರು ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ತಿಂಗಳುಗಟ್ಟಲೆ ಕಲಿಸಿ, ಕೊನೆಯಲ್ಲಿ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಆ ಮಕ್ಕಳಿಂದಲೇ ಪ್ರಸಂಗಗಳನ್ನು ಆಡಿಸುತ್ತ ಬಂದಿದ್ದಾರೆ. ಆ ಮಾದರಿಯನ್ನು ಮೆಚ್ಚುತ್ತಲೇ ಒಂದು ಮಾತು ಸೇರಿಸಬೇಕು, ಇದು ಉಡುಪಿಗೆ ಹೇಳುವ ಮಾತಲ್ಲ, ಶಾಲೆಗಳಲ್ಲಿ ಯಕ್ಷಗಾನ ಕಲಿಸುವ ಎಲ್ಲ ಕಡೆಗೂ ಅನ್ವಯಿಸುವ ಮಾತು. ಯಕ್ಷಗಾನದಲ್ಲಿ ಪದ್ಯ ಕವಿಯದು, ಅರ್ಥ ಪಾತ್ರಧಾರಿಯದು. ಆ ಕ್ಷಣದಲ್ಲಿ ಹುಟ್ಟುವ ಮಾತೇ ಅದರ ಜೀವ. ಮಕ್ಕಳಿಗೆ ನಾವು ಮಾಡುವುದೇನೆಂದರೆ, ಹಿರಿಯ ಕಲಾವಿದರೊಬ್ಬರ ಅರ್ಥವನ್ನು ಕಾಗದಕ್ಕಿಳಿಸಿ ಬಾಯಿಪಾಠ ಮಾಡಿಸುವುದು. ಎಂಟನೆಯ ತರಗತಿಯ ಹುಡುಗಿ ಹೆಸರಾಂತ ಕಲಾವಿದರ ಗತ್ತಿನಲ್ಲೇ ಕೌರವನ ಮಾತು ಒಪ್ಪಿಸಿದಾಗ ಚಪ್ಪಾಳೆ ಬೀಳುತ್ತದೆ, ನಿಜ. ಅದೇ ಹುಡುಗಿಗೆ ಪದ್ಯವನ್ನು ಬಿಡಿಸಿ ಹೇಳಿ, ‘ನಿನ್ನ ಮಾತಿನಲ್ಲಿ ಹೇಳು’ ಎಂದರೆ ಮೊದಲ ವಾರ ಒಂದು ವಾಕ್ಯ ಬರುತ್ತದೆ, ತಿಂಗಳ ಹೊತ್ತಿಗೆ ವಾದ ಬರುತ್ತದೆ. ತರಬೇತಿ ಎಂದು ನಾನು ಕರೆಯುವುದು ಆ ಎರಡನೆಯದನ್ನು.

ಇದೇ ಕಾರಣಕ್ಕೆ ಯಕ್ಷಗಾನದ ಗುರುಗಳ ಜೊತೆಗೆ ಆಧುನಿಕ ರಂಗಭೂಮಿಯಲ್ಲಿ ತರಬೇತಿ ಪಡೆದವರೂ ಈ ಯೋಜನೆಯಲ್ಲಿರಬೇಕು. ಸಿದ್ದಾಪುರದಿಂದ ಸಾಗರದ ದಾರಿ ಹಿಡಿದರೆ ಹೆಗ್ಗೋಡು ದೂರವಲ್ಲ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದ ಮೇಲೆ ಅಲ್ಲಿ ಕಲಿತು ಬಂದ ನಮ್ಮ ಜಿಲ್ಲೆಯ ತರುಣ ತರುಣಿಯರು ಹಲವರಿದ್ದಾರೆ. ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಸಿದ್ದಿ ಸಮುದಾಯದವರು ರಂಗಭೂಮಿಯ ಮೂಲಕ ಹೆಗ್ಗೋಡಿಗೂ ಅಲ್ಲಿಂದ ಸಿನಿಮಾಕ್ಕೂ ಹೋದದ್ದನ್ನು ನಾಡು ನೋಡಿದೆ. ಬೆಳಗಾವಿ ವಿಭಾಗಕ್ಕೆ ಸೇರಿದ ನಮಗೆ ಧಾರವಾಡದ ರಂಗಾಯಣವೂ ಇದೆ. ಕೆಲವು ವರ್ಷಗಳ ಹಿಂದೆ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದೂ ಉಂಟು. ಅವರು ಹೋದ ಶಾಲೆಗಳಲ್ಲಿ ಆದ ವ್ಯತ್ಯಾಸವನ್ನು ಇಲಾಖೆಯ ಹಿರಿಯ ಅಧಿಕಾರಿಗಳು ನನಗಿಂತ ಚೆನ್ನಾಗಿ ಬಲ್ಲರು.

ಮಳೆಗಾಲದ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಯ್ಯುತ್ತಿರುವಾಗ ಏಳನೆಯ ತರಗತಿಯ ಮಕ್ಕಳ ಜೊತೆ ತಾಲೀಮು ಮಾಡುವುದೆಂದರೆ ಯಾರ ಮಾತೂ ಮೂರನೆಯ ಸಾಲಿಗೆ ಕೇಳುವುದಿಲ್ಲ. ಮಕ್ಕಳು ಕೂಗತೊಡಗುತ್ತಾರೆ, ಗಂಟಲು ಒಡೆಯುತ್ತದೆ, ಆದರೂ ಅರ್ಥವಾಗುವುದಿಲ್ಲ. ಗಮನವಿಟ್ಟು ಕೇಳಿದರೆ ತೊಂದರೆ ಎಲ್ಲಿದೆಯೆಂಬುದು ತಿಳಿಯುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಬರುತ್ತೇನೆ’ಯೋ ‘ಬರುವುದಿಲ್ಲ’ವೋ ಎಂಬುದು ತೀರ್ಮಾನವಾಗುವುದು ಕಡೆಯ ಎರಡು ಮೂರು ಅಕ್ಷರಗಳಲ್ಲಿ. ಮಕ್ಕಳ ಉಸಿರು ಅಲ್ಲಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಆಗ ಮಾಡಬೇಕಾದ್ದು ಇಷ್ಟು: ಒಬ್ಬ ಹುಡುಗನನ್ನು ಕೋಣೆಯ ಆ ತುದಿಯಲ್ಲಿ ನಿಲ್ಲಿಸಿ, ಈ ತುದಿಯವಳಿಗೆ ‘ಕೂಗಬೇಡ, ವಾಕ್ಯದ ಕೊನೆಯನ್ನು ಮಾತ್ರ ಅವನಿಗೆ ಮುಟ್ಟಿಸು’ ಎಂದು ಹೇಳುವುದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದನ್ನು ಅವಳೇ ಹುಡುಕಿಕೊಳ್ಳುತ್ತಾಳೆ. ಆ ತುದಿಯವನು ಕೇಳಿದ್ದನ್ನು ಮರುನುಡಿಯಬೇಕು. ತಪ್ಪು ಕೇಳಿದರೆ ಮತ್ತೆ. ಇಡೀ ತರಗತಿ ಮಳೆಯ ಸದ್ದಿನಾಚೆಯ ಒಂದು ಅಕ್ಷರಕ್ಕಾಗಿ ಕಿವಿಗೊಟ್ಟು ಕೂತಿರುತ್ತದೆ. ಇದು ಅಭಿನಯದ ಪಾಠ, ಕನ್ನಡದ ಪಾಠವೂ ಹೌದು. ತರಗತಿಯಲ್ಲಿ ಗಟ್ಟಿಯಾಗಿ ಓದಿಸುವಾಗ ಕೊನೆಯ ಪದವನ್ನು ನುಂಗುತ್ತಿದ್ದ ಮಕ್ಕಳು ಇದಾದ ಮೇಲೆ ನುಂಗುವುದಿಲ್ಲ.

ಮಾತಿನ ವಿಷಯ ಬಂದಾಗ ನಮ್ಮ ಜಿಲ್ಲೆಯ ಇನ್ನೊಂದು ಸಂಗತಿಯನ್ನು ಹೇಳಬೇಕು. ಕಾರವಾರದ ಮಗುವಿನ ಮನೆಯಲ್ಲಿ ಕೊಂಕಣಿ, ಭಟ್ಕಳದ ಮಗುವಿನ ಮನೆಯಲ್ಲಿ ನವಾಯತಿ, ಹಳಿಯಾಳದಲ್ಲಿ ಮರಾಠಿ, ದಾಂಡೇಲಿಯಲ್ಲಿ ಎಲ್ಲವೂ. ಶಿರಸಿ, ಸಿದ್ದಾಪುರಗಳಲ್ಲಿ ಹವ್ಯಕ ಕನ್ನಡ, ಅಂಕೋಲೆ–ಕುಮಟೆಯ ಕಡೆ ಹಾಲಕ್ಕಿ ಒಕ್ಕಲಿಗರ ಕನ್ನಡ. ನಾಟಕಕ್ಕೆ ನಿಂತೊಡನೆ ಈ ಮಕ್ಕಳೆಲ್ಲ ಪಠ್ಯಪುಸ್ತಕದ ಒಂದೇ ಕನ್ನಡವನ್ನು, ಅದೂ ರಾಜಮಹಾರಾಜರ ಗತ್ತಿನಲ್ಲಿ, ಆಡಬೇಕೆಂದು ನಾವು ಬಯಸುತ್ತೇವೆ. ಮೊದಲ ತಿಂಗಳಾದರೂ ಮನೆಯ ಮಾತಿನಲ್ಲೇ ದೃಶ್ಯಗಳನ್ನು ಕಟ್ಟಲು ಬಿಡಬೇಕು. ತರಗತಿಯಲ್ಲಿ ಹೂಂ, ಊಹೂಂ ಬಿಟ್ಟು ಬೇರೆ ಮಾತಾಡದ ಹಾಲಕ್ಕಿ ಹುಡುಗ, ಸಂತೆಯಲ್ಲಿ ಬಸಳೆ ಮಾರುವ ಅವ್ವನ ಚೌಕಾಸಿಯನ್ನು ಅವಳದೇ ಮಾತಿನಲ್ಲಿ ಮಾಡಿ ತೋರಿಸುವಾಗ ನಿಲ್ಲಿಸಲು ಆಗುವುದಿಲ್ಲ. ಸುಗ್ಗಿಯ ವೇಷದ ಮೆರವಣಿಗೆಯಾದ ಹಗರಣದಲ್ಲಿ ಊರಿನ ಸಾಹುಕಾರನಿಂದ ಹಿಡಿದು ಸರ್ಕಾರಿ ನೌಕರರವರೆಗೆ ಎಲ್ಲರನ್ನೂ ವೇಷ ಹಾಕಿ ಗೇಲಿ ಮಾಡಿದವರ ಮೊಮ್ಮಕ್ಕಳು ಇವರು. ನೋಡಿ ಕಲಿಯುವ ಕಣ್ಣು ಇವರಿಗೆ ಇದ್ದೇ ಇರುತ್ತದೆ. ಶಿಷ್ಟ ಕನ್ನಡ ಆಮೇಲೆ ಬರುತ್ತದೆ, ಅಂಜಿಕೆಯಿಲ್ಲದೆ ಬರುತ್ತದೆ.

ವಯಸ್ಸಿಗೆ ತಕ್ಕಂತೆ ತರಬೇತಿ ಬೇರೆಯಾಗಬೇಕೆಂಬುದನ್ನು ಆದೇಶದಲ್ಲೇ ಬರೆದಿಡುವುದು ಒಳ್ಳೆಯದು. ಹತ್ತು ವರ್ಷದೊಳಗಿನವರಿಗೆ ಆಟ, ಕತೆ, ಹಾಡು ಸಾಕು; ಅವರಿಗೆ ಪ್ರದರ್ಶನದ ಹೊರೆ ಬೇಡ. ಹನ್ನೊಂದರಿಂದ ಹದಿಮೂರರವರು ಗುಂಪಾಗಿ ದೃಶ್ಯ ಕಟ್ಟಬಲ್ಲರು. ಬರೆದ ನಾಟಕ, ಪಾತ್ರದ ವಿಶ್ಲೇಷಣೆ, ಬೆಳಕು, ಪ್ರಸಾಧನ, ರಂಗಸಜ್ಜಿಕೆ ಪ್ರೌಢಶಾಲೆಯವರಿಗೆ. ಆ ವಯಸ್ಸಿನ ಹುಡುಗರ ದನಿ ಒಡೆಯುತ್ತಿರುತ್ತದೆ. ಅವರಿಗೆ ಮೇಲಿನ ಸ್ಥಾಯಿಯ ಹಾಡು ಕೊಟ್ಟು ನಗೆಪಾಟಲಾಗಿಸಬಾರದು. ರಂಗದ ಮೇಲೆ ಬರಲು ಮನಸ್ಸಿಲ್ಲದ ಮಕ್ಕಳಿಗೆ ಹಿಂದೆ ಕೆಲಸವಿದೆ, ಅವರನ್ನು ಹೆಡ್ಡರೆಂದು ಎಣಿಸಬಾರದು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ ಬೇರೆಯೇ ಇದೆ. ರಷ್ಯದ ರಂಗನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ ಹೆಸರು ಹೇಳಿಕೊಂಡು, ‘ನಿಜವಾಗಿ ಅಳು, ನಿಮ್ಮ ಅಜ್ಜಿ ಸತ್ತದ್ದನ್ನು ನೆನಪು ಮಾಡಿಕೋ’ ಎಂದು ಮಕ್ಕಳಿಂದ ಕಣ್ಣೀರು ತರಿಸುವ ಅಭ್ಯಾಸ ಶಿಬಿರಗಳಲ್ಲಿ ಕಾಣತೊಡಗಿದೆ. ಭಾವಸ್ಮರಣೆಯ ಆ ವಿಧಾನ ರೂಪುಗೊಂಡದ್ದು ವಯಸ್ಕ ನಟರ ಜೊತೆಗೆ, ಮತ್ತು ಅದರ ಕರ್ತೃವೇ ಮುಂದೆ ದೈಹಿಕ ಕ್ರಿಯೆಯಿಂದ ಭಾವಕ್ಕೆ ಹೋಗುವ ದಾರಿಗೆ ಹೆಚ್ಚು ಒತ್ತುಕೊಟ್ಟ. ಮಗುವಿನ ಮನೆಯ ದುಃಖವನ್ನು ತರಗತಿಯ ನಡುವೆ ಬಗೆದು ಹಾಕುವ ಹಕ್ಕು ಯಾವ ತರಬೇತುದಾರನಿಗೂ ಇಲ್ಲ. ನಮ್ಮ ಯಕ್ಷಗಾನದಲ್ಲಂತೂ ಕರುಣ ರಸಕ್ಕೆ ರಾಗವಿದೆ, ತಾಳವಿದೆ, ಹಸ್ತವಿದೆ. ಚಂದ್ರಮತಿಯ ಶೋಕವನ್ನು ಆಡುವ ಬಾಲಕಿ ತನ್ನ ಮನೆಯ ಸಾವನ್ನು ನೆನೆಯಬೇಕಾಗಿಲ್ಲ.

ಜಿಲ್ಲಾಧಿಕಾರಿಗಳಲ್ಲಿ ನೇರವಾಗಿ ಅರಿಕೆ ಮಾಡಿಕೊಳ್ಳಬೇಕಾದ ವಿಷಯವೊಂದಿದೆ. ಧಾರಾವಾಹಿ, ಸಿನಿಮಾ, ರಿಯಾಲಿಟಿ ಷೋಗಳಲ್ಲಿ ಅವಕಾಶ ಕೊಡಿಸುತ್ತೇವೆಂದು ಹೇಳಿಕೊಂಡು ‘ಆಡಿಷನ್’ ಮತ್ತು ‘ಅಭಿನಯ ತರಬೇತಿ’ಯ ಹೆಸರಿನಲ್ಲಿ ಹಣ ಕೀಳುವ ದಂಧೆ ಪೇಟೆಗಳಿಗೆ ಬಂದಿದೆ. ಒಂದು ದಿನ ಬಾಡಿಗೆಯ ಹಾಲ್, ಫೋಟೋ ತೆಗೆಯಲು ಒಂದು ಶುಲ್ಕ, ‘ಆಯ್ಕೆ’ಯಾದ ಮೇಲೆ ಇನ್ನೊಂದು ಶುಲ್ಕ, ಆಮೇಲೆ ಫೋನು ಸ್ವಿಚ್ ಆಫ್. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳಿಗಾಗಿ ಹೀಗೆ ಹಣ ಕಟ್ಟಿ ಕಳೆದುಕೊಂಡು, ನಾಚಿಕೆಯಿಂದ ಪೊಲೀಸರಿಗೆ ದೂರು ಕೊಡಲಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಾದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕಲಾವಿದನಾಗಿ ಬಳಸಿಕೊಳ್ಳುವ ಮೊದಲು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತ 27 ದಿನ ಮೀರುವಂತಿಲ್ಲ. ಮಗುವಿನ ಗಳಿಕೆಯಲ್ಲಿ ಶೇ. 20ರಷ್ಟನ್ನಾದರೂ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅದರ ಹೆಸರಿನಲ್ಲಿ ಠೇವಣಿ ಇಡಬೇಕು. ಗೋಕರ್ಣ, ಮುರ್ಡೇಶ್ವರ, ಯಾಣಗಳಲ್ಲಿ ಚಿತ್ರೀಕರಣ ಸಾಮಾನ್ಯವಾಗಿರುವ ಈ ಜಿಲ್ಲೆಯಲ್ಲಿ ಎಷ್ಟು ಪಾಲಕರಿಗೆ ಇದು ಗೊತ್ತು? ಈ ನಿಯಮಗಳನ್ನು ಒಂದು ಪುಟದ ಕನ್ನಡ ಪ್ರಕಟಣೆಯಾಗಿ ಪ್ರತಿ ಶಾಲೆಯ ಸೂಚನಾ ಫಲಕಕ್ಕೆ ಕಳಿಸಬೇಕು. ಶುಲ್ಕ ಪಡೆದು ಮಕ್ಕಳಿಗೆ ಅಭಿನಯ ಕಲಿಸುವ ಯಾವುದೇ ಸಂಸ್ಥೆ ಹಾಲ್ ಪಡೆಯುವ ಮುನ್ನ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಬೇಕು, ತರಬೇತುದಾರರ ಪೊಲೀಸ್ ಪರಿಶೀಲನೆ ಆಗಿರಬೇಕು, ತಾಲೀಮಿನ ಕೋಣೆಯ ಬಾಗಿಲು ಪಾಲಕರಿಗೆ ತೆರೆದಿರಬೇಕು. ನಾನು ಬೇಡುವ ಸರ್ಕಾರಿ ಯೋಜನೆಯ ರಂಗಶಿಕ್ಷಕರಿಗೂ ಇದೇ ನಿಯಮ ಅನ್ವಯಿಸಲಿ, ಎಷ್ಟೇ ಹಿರಿಯ ಕಲಾವಿದರಾದರೂ.

ತಾಲೀಮು ಶಾಲೆಯ ವೇಳೆಯೊಳಗೇ ಎಂದು ನಾನು ಒತ್ತಿ ಹೇಳುವುದಕ್ಕೆ ಹೆಣ್ಣುಮಕ್ಕಳು ಕಾರಣ. ಶಾಲೆ ಬಿಟ್ಟ ಮೇಲೆ ತಾಲೀಮು ಇಟ್ಟರೆ ಮೊದಲು ಬಿಟ್ಟುಹೋಗುವವರು ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿಯರು. ಹಳ್ಳಿಗೆ ಹೋಗುವ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ, ಅಥವಾ ಇಲ್ಲವೇ ಇಲ್ಲ. ಟಿಕೆಟ್ ಉಚಿತವಾದ ಮಾತ್ರಕ್ಕೆ ಬಸ್ಸು ಬರುವುದಿಲ್ಲ. ವಾರಕ್ಕೆ ಎರಡು ಪೀರಿಯಡ್ ಮತ್ತು ತಿಂಗಳ ಬ್ಯಾಗ್ ರಹಿತ ದಿನದ ಅರ್ಧ ಹೊತ್ತು ಸಿಕ್ಕರೆ ಕೆಲಸ ಶುರುಮಾಡಬಹುದು.

ಆಕ್ಷೇಪಗಳು ಬರುತ್ತವೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಚಿಂತೆ ಮುಖ್ಯೋಪಾಧ್ಯಾಯರದು, ಅದು ಸಹಜ; ಹಾಗಾದರೆ ಹತ್ತನೆಯವರನ್ನು ಸೆಪ್ಟೆಂಬರಿನಲ್ಲಿ ಬಿಟ್ಟುಕೊಡೋಣ, ಮಳೆಗಾಲಕ್ಕೆ ಸೀಮಿತವಾದ ಯೋಜನೆಯ ಅನುಕೂಲ ಅದೇ. ಮಳೆಗಾಲದಲ್ಲಿ ರಜೆಗಳು ಜಾಸ್ತಿ ಎನ್ನುವವರಿದ್ದಾರೆ. ರಜೆ ಘೋಷಿಸುವವರು ತಾವೇ ಆದ್ದರಿಂದ ಈ ಬಗ್ಗೆ ನಾನು ಹೆಚ್ಚು ಹೇಳುವುದು ಸರಿಯಲ್ಲ. ಆದರೆ ಸುರಕ್ಷತೆಯ ಪ್ರಶ್ನೆ ನಿಜವಾದದ್ದು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೆ, ಕಾರವಾರದಿಂದ ಒಬ್ಬರನ್ನು ಘಟ್ಟ ಹತ್ತಿಸಿ ಶಿರಸಿಗೆ ವಾರವಾರ ಕಳಿಸುವ ಯೋಜನೆಯನ್ನು ಯಾರೂ ಮಾಡಬಾರದು. ಆಯಾ ಕ್ಲಸ್ಟರಿನೊಳಗೇ ಅಥವಾ ಪಕ್ಕದ ಕ್ಲಸ್ಟರಿನಲ್ಲಿ ವಾಸವಿರುವ ಕಲಾವಿದರನ್ನೇ ಆಯ್ದುಕೊಳ್ಳಬೇಕೆನ್ನುವುದು ಇದಕ್ಕಾಗಿ. ಯಕ್ಷಗಾನ ಕಲಾವಿದರಿಗೆ ಬಿ.ಇಡಿ. ಇಲ್ಲ ಎಂಬ ಮಾತೂ ಬರುತ್ತದೆ. ಅವರನ್ನು ತರಗತಿಗೆ ಒಬ್ಬರನ್ನೇ ಬಿಡಬೇಕಾಗಿಲ್ಲ, ಶಾಲೆಯ ಭಾಷಾ ಶಿಕ್ಷಕರು ಜೊತೆಗಿರಲಿ; ಜೂನ್ ಮೊದಲ ವಾರದಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೆಲವು ದಿನಗಳ ಪೂರ್ವತರಬೇತಿ ಕೊಟ್ಟರೆ ಇವರಿಗೆ ತಾಳ, ಅವರಿಗೆ ತರಗತಿ ಪರಿಚಯವಾಗುತ್ತದೆ. ಗೌರವಧನಕ್ಕೆ ಅತಿಥಿ ಶಿಕ್ಷಕರ ಮಾದರಿ ಇದೆ, ಆದರೆ ಆ ಮಾದರಿಯ ವಿಳಂಬವನ್ನು ಮಾತ್ರ ಜೊತೆಗೆ ತರಬೇಡಿ: ಸೆಪ್ಟೆಂಬರಿನ ದುಡಿಮೆಗೆ ಮಾರ್ಚಿನಲ್ಲಿ ಹಣ ಬಂದರೆ ಎರಡನೆಯ ವರ್ಷ ಯಾರೂ ಬರುವುದಿಲ್ಲ.

ನಾಲ್ಕು ತಿಂಗಳ ಕೊನೆಗೆ ಪ್ರದರ್ಶನ ಬೇಡವೇ ಎಂದರೆ, ಬೇಕು, ಸ್ಪರ್ಧೆ ಬೇಡ. ಕ್ಲಸ್ಟರಿನ ಒಂದು ಶಾಲೆಯ ಮಕ್ಕಳು ಇನ್ನೊಂದು ಶಾಲೆಗೆ ಹೋಗಿ ಆಡಲಿ, ಮೈಕಿಲ್ಲದೆ, ಧ್ವನಿಮುದ್ರಣವಿಲ್ಲದೆ. ಅವುಗಳಲ್ಲಿ ಕೆಲವನ್ನು ಕಾರವಾರದ ಜಿಲ್ಲಾ ರಂಗಮಂದಿರದಲ್ಲಿ ಬಾಡಿಗೆಯಿಲ್ಲದೆ ಆಡಲು ಅವಕಾಶ ಕೊಡಿ. 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದು ನಾಟಕವೊಂದನ್ನು ಬರೆದರೆಂಬ ನೆನಪಿಗೆ ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ, ಪ್ರವಾಸಿಗರಿಗೆ ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿಯ ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ನಡೆಯುವಾಗ ಹೊರಗಿನಿಂದ ಬಂದ ಗಾಯಕರಿಗೆ ಸಿಗುವ ಹೊತ್ತಿನಲ್ಲಿ ಒಂದು ಸಂಜೆಯ ಒಂದು ಗಂಟೆಯನ್ನು, ಜನ ಸೇರಿರುವ ಗಂಟೆಯನ್ನೇ, ನಮ್ಮ ಜಿಲ್ಲೆಯ ಮಕ್ಕಳ ನಾಟಕಕ್ಕೆ ಕೊಡಬಹುದು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟು ಹಾಕುತ್ತವೆ. ಅವುಗಳ ಆಟಕ್ಕೆ ತೊಂದರೆಯಾಗದಂತೆ ಮಧ್ಯಾಹ್ನದ ಬಿಡುವಿನಲ್ಲಿ ಆ ರಂಗಸಜ್ಜಿಕೆ, ಆ ಪರದೆ, ಆ ಬೆಳಕುಗಳನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸುವ ಏರ್ಪಾಡನ್ನು ಶಿರಸಿಯ ಉಪನಿರ್ದೇಶಕರ ಕಚೇರಿ ಮಾಡಿಸಬಲ್ಲದು, ಇದಕ್ಕೆ ಖರ್ಚೂ ಇಲ್ಲ.

ಹನ್ನೆರಡೂ ತಾಲೂಕುಗಳಲ್ಲಿ ಒಮ್ಮೆಲೇ ಶುರುಮಾಡಿರೆಂದು ನಾನು ಕೇಳುತ್ತಿಲ್ಲ. ಕರಾವಳಿಯಲ್ಲಿ ಹೊನ್ನಾವರ, ಘಟ್ಟದ ಮೇಲೆ ಯಲ್ಲಾಪುರ, ಈ ಎರಡು ತಾಲೂಕುಗಳ ಕೆಲವು ಕ್ಲಸ್ಟರುಗಳಲ್ಲಿ ಬರುವ ಜೂನ್‌ನಿಂದ ಆರಂಭಿಸಬಹುದು. ಅದಕ್ಕೆ ಪೂರ್ವಭಾವಿಯಾಗಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಮೇಳಗಳ ಮುಖ್ಯಸ್ಥರು, ರಂಗಶಿಕ್ಷಣ ಪಡೆದ ಜಿಲ್ಲೆಯ ಕಲಾವಿದರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಪ್ರತಿನಿಧಿಗಳ ಒಂದು ಸಭೆಯನ್ನು ಶಾಲೆಗಳು ಬೇಸಿಗೆ ರಜೆಗೆ ಮುಚ್ಚುವ ಮೊದಲೇ ಕರೆಯಬೇಕೆಂದು ಕೋರುತ್ತೇನೆ. ಏಪ್ರಿಲ್–ಮೇಯಲ್ಲಿ ಕರೆದರೆ ಮೇಳದವರು ಸಿಗುವುದಿಲ್ಲ. ಈಗಲೂ ಸಭೆಯನ್ನು ಬೆಳಗ್ಗೆ ಹತ್ತಕ್ಕಲ್ಲದೆ ಮಧ್ಯಾಹ್ನ ಮೂರರ ನಂತರ, ಕುಮಟೆಯಲ್ಲಿ ಇಟ್ಟರೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಬಂದು ಹೋಗಲು ಅನುಕೂಲ. ಪ್ರತಿ ತರಗತಿಗೆ ತಕ್ಕ ವಾರದ ಪಾಠಕ್ರಮದ ಕರಡನ್ನು ಕೆಲವು ಸಹೋದ್ಯೋಗಿಗಳ ಜೊತೆ ಸೇರಿ ಸಿದ್ಧಪಡಿಸುತ್ತಿದ್ದೇನೆ; ಸಭೆಯ ದಿನ ಅದನ್ನು ತಮ್ಮ ಮುಂದಿಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕುಮಟಾ ತಾಲೂಕಿನ ಒಬ್ಬ ನಿವೃತ್ತ ಕನ್ನಡ ಶಿಕ್ಷಕ